ಹಿತ್ತಲ ಕೋಳಿಗಳಿಗೆ ಮನೆಯಲ್ಲೇ ಮೀಲ್‌ವರ್ಮ್

ಹಿತ್ತಲಲ್ಲಿ ನಾಲ್ಕಾರು ನಾಟಿ ಕೋಳಿಗಳನ್ನೋ ಗಿರಿರಾಜ ಕೋಳಿಗಳನ್ನೋ ಸಾಕಿಕೊಂಡವರಿಗೆ ಮೀಲ್‌ವರ್ಮ್, ಅಂದರೆ ಕೋಳಿಗೆ ತಿಂಡಿಯಾಗಿ ಹಾಕುವ ಒಂದು ಬಗೆಯ ದುಂಬಿಯ ಮರಿಹುಳುವನ್ನು, ಬೆಳೆಸುವುದು ದೊಡ್ಡ ಕೆಲಸವೇನಲ್ಲ. ಆದರೆ ಡಬ್ಬಿಗೆ ತೇವ ಸೇರದಂತೆ ನೋಡಿಕೊಳ್ಳುವ ಶಿಸ್ತಿಲ್ಲದವರು ಇದಕ್ಕೆ ಕೈಹಾಕದಿರುವುದೇ ಲೇಸು. ಸಾಕುಹಕ್ಕಿ ಮತ್ತು ಬಣ್ಣದ ಮೀನು ಮಾರುವ ಅಂಗಡಿಗಳಲ್ಲಿ ಜೀವಂತ ಹುಳುಗಳು ಸಿಗುತ್ತವೆ. ಅಲ್ಲೇ ಸೂಪರ್‌ವರ್ಮ್ ಎಂಬ ದಪ್ಪ ಹುಳುವನ್ನೂ ಇಟ್ಟಿರುತ್ತಾರೆ. ಅದು ಗುಂಪಿನಲ್ಲಿದ್ದಾಗ ಕೋಶ (ಹುಳು ದುಂಬಿಯಾಗುವ ಮುಂಚಿನ ಹಂತ) ಆಗುವುದಿಲ್ಲವಾದ್ದರಿಂದ ಮನೆಯಲ್ಲಿ ಸಂತತಿ ಬೆಳೆಸುವವರಿಗೆ ತಲೆನೋವು.

ನುಣುಪಾದ ಅಂಚಿನ ಪ್ಲಾಸ್ಟಿಕ್ ಟಬ್ಬಿನಲ್ಲಿ ಎರಡು ಅಂಗುಲದಷ್ಟು ಗೋಧಿ ಬೂಸಾ ಹರಡಿದರೆ ಅದೇ ಹುಳುಗಳಿಗೆ ಹಾಸಿಗೆ, ಅದೇ ಆಹಾರ. ಬೂಸಾವನ್ನು ಮೊದಲು ಬಾಣಲೆಯಲ್ಲಿ ಚೆನ್ನಾಗಿ ಬಿಸಿಮಾಡಿ ಆರಿಸಿಕೊಂಡರೆ ಅದರಲ್ಲಿ ಅಡಗಿರುವ ನುಸಿ ಮತ್ತು ಅದರ ಮೊಟ್ಟೆಗಳು ನಾಶವಾಗುತ್ತವೆ. ನೀರನ್ನು ಎಂದೂ ಚಿಮುಕಿಸಬಾರದು. ಕ್ಯಾರೆಟ್ ಅಥವಾ ಆಲೂಗಡ್ಡೆಯ ಬಿಲ್ಲೆಗಳನ್ನು ಮೇಲಿಟ್ಟರೆ ಅವುಗಳ ನೀರಿನಂಶವೇ ಸಾಕು. ಒಂದೆರಡು ದಿನಕ್ಕೆ, ಬೂಷ್ಟು ಹಿಡಿಯುವ ಮೊದಲೇ, ಅವನ್ನು ತೆಗೆದು ಬೇರೆಯದನ್ನು ಇಡಬೇಕು. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಎಚ್ಚರ ಇನ್ನೂ ಹೆಚ್ಚಿರಲಿ. ಬೂಸಾದ ಮೇಲೆ ಬೂದಿ ಬಣ್ಣದ ಸಣ್ಣ ಪುಡಿಯೊಂದು ತಾನೇ ಸರಿದಾಡಿದಂತೆ ಕಂಡರೆ ಅದು ನುಸಿ. ಆಗ ಹುಳುಗಳನ್ನು ಜರಡಿ ಹಿಡಿದು ತೆಗೆದು ಬೂಸಾ ಪೂರ್ತಿ ಬದಲಿಸುವುದೊಂದೇ ದಾರಿ. ಮುಚ್ಚಳದ ಜಾಗದಲ್ಲಿ ಕಬ್ಬಿಣದ ಸಣ್ಣ ಜಾಲರಿ ಹಾಕಿ, ಇರುವೆ ಏರದಂತೆ ಟಬ್ಬನ್ನು ನೀರು ತುಂಬಿದ ತಟ್ಟೆಯ ನಡುವೆ ಇಟ್ಟಿಗೆಯ ಮೇಲೆ ಕೂರಿಸಿರಿ.

ಸುಮಾರು 25ರಿಂದ 28 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಹುಳುಗಳು ಚೆನ್ನಾಗಿ ಬೆಳೆಯುತ್ತವೆ. ಒಂದು ಅಂಗುಲದಷ್ಟು ಬೆಳೆದ ಹುಳು ಬಿಳಿಯ, ಕಾಲಾಡಿಸದ ಕೋಶವಾಗಿ, ಒಂದೆರಡು ವಾರದಲ್ಲಿ ದುಂಬಿಯಾಗಿ ಹೊರಬರುತ್ತದೆ. ಮೊದಲು ಬಿಳಿಚಿಕೊಂಡಿದ್ದು, ಕಂದಾಗಿ, ಕೊನೆಗೆ ಕಪ್ಪಾಗುತ್ತದೆ. ಕೋಶಗಳನ್ನು ಆಗಾಗ ಆರಿಸಿ ಬೇರೆ ಡಬ್ಬಿಗೆ ಹಾಕದಿದ್ದರೆ ಹುಳುಗಳೂ ದುಂಬಿಗಳೂ ಅವನ್ನು ಕಚ್ಚಿ ತಿಂದುಬಿಡುತ್ತವೆ. ದುಂಬಿಗಳನ್ನು ಎರಡು ಮೂರು ವಾರ ಒಂದೇ ಟಬ್ಬಿನಲ್ಲಿ ಬಿಟ್ಟು ಆಮೇಲೆ ಹೊಸ ಟಬ್ಬಿಗೆ ಸಾಗಿಸಿ, ಹಳೆಯ ಬೂಸಾವನ್ನು ಕಸವೆಂದು ಎಸೆಯದೆ ಹಾಗೆಯೇ ಬಿಡಿ, ಏಕೆಂದರೆ ಕಣ್ಣಿಗೆ ಕಾಣದಷ್ಟು ಸಣ್ಣ ಮೊಟ್ಟೆಗಳು ಅದರಲ್ಲೇ ಅಂಟಿಕೊಂಡಿರುತ್ತವೆ. ಮರಿಹುಳುಗಳು ಕೋಳಿಗೆ ಹಾಕುವಷ್ಟು ದಪ್ಪವಾಗಲು ಎರಡು ಮೂರು ತಿಂಗಳು ಬೇಕು.

ಈ ದುಂಬಿ ಹಿಟ್ಟು ಮತ್ತು ದಾಸ್ತಾನಿಟ್ಟ ಧಾನ್ಯಕ್ಕೆ ಬೀಳುವ ಕೀಟವೇ ಆಗಿರುವುದರಿಂದ ಟಬ್ಬನ್ನು ಅಡುಗೆಮನೆಯಲ್ಲಾಗಲಿ ಉಗ್ರಾಣದಲ್ಲಾಗಲಿ ಇಡುವ ಮಾತೇ ಬೇಡ. ಜರಡಿ ಹಿಡಿಯುವಾಗ ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ. ಆ ಧೂಳು ಕೆಲವರಿಗೆ ಒಗ್ಗುವುದಿಲ್ಲ. ಜರಡಿಯಿಂದಿಳಿದ ಹಿಕ್ಕೆ ಹೂವಿನ ಕುಂಡಗಳಿಗೆ ಒಳ್ಳೆಯ ಗೊಬ್ಬರ.

ಕೋಳಿಗೆ ಇದು ತಿಂಡಿಯೇ ಹೊರತು ಊಟವಲ್ಲ. ಹುಳುವಿನಲ್ಲಿ ಪ್ರೋಟೀನ್ ಜೊತೆಗೆ ಕೊಬ್ಬೂ ಹೇರಳವಾಗಿದ್ದು ಸುಣ್ಣದಂಶ ತೀರಾ ಕಡಿಮೆ. ಆದ್ದರಿಂದ ಮೊಟ್ಟೆಯಿಡುವ ಹೇಂಟೆಗೆ ದಿನಕ್ಕೆ ಹತ್ತು ಹುಳು ಮೀರದಂತೆ ಹಾಕಿ, ಕಪ್ಪೆಚಿಪ್ಪಿನ ಪುಡಿಯನ್ನು ಬೇರೆ ತಟ್ಟೆಯಲ್ಲಿ ಸದಾ ಇಟ್ಟಿರಬೇಕು. ಗರಿ ಉದುರಿ ಹೊಸ ಗರಿ ಬರುವ ಕಾಲದಲ್ಲಿ ಮಾತ್ರ ಸ್ವಲ್ಪ ಧಾರಾಳವಾಗಿ ಕೊಡಬಹುದು.