ದಾನಿಯ ಹೃದಯ ಕವಾಟ ಪಡೆದ ಮಗು: ದೇಹದ ಪ್ರತಿರೋಧದ ಮೇಲೆ ಕಣ್ಣಿಡುವ ಬಗೆ

ಮೃತ ದಾನಿಯಿಂದ ಪಡೆದು, ದ್ರವ ಸಾರಜನಕದ ಶೈತ್ಯದಲ್ಲಿ ಕಾಪಿಟ್ಟ ಹೃದಯ ಕವಾಟವನ್ನು ವೈದ್ಯರು ಹೋಮೋಗ್ರಾಫ್ಟ್ ಎನ್ನುತ್ತಾರೆ. 1962ರಲ್ಲಿ ಲಂಡನ್ನಿನಲ್ಲಿ ಶಸ್ತ್ರವೈದ್ಯ ಡೊನಾಲ್ಡ್ ರಾಸ್ ಮೃತ ದಾನಿಯ ಕವಾಟವನ್ನು ಮಹಾಪಧಮನಿ ಕವಾಟದ ಸಹಜ ಸ್ಥಾನದಲ್ಲೇ ಜೋಡಿಸಿದ್ದರು. ಇಡೀ ಹೃದಯದ ಕಸಿಯಲ್ಲಿ ಕೊಡುವಂತೆ ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧಿಯನ್ನು ಇಲ್ಲಿ ಸಾಮಾನ್ಯವಾಗಿ ಕೊಡುವುದಿಲ್ಲವಾದ್ದರಿಂದ, ದೇಹವು ಈ ಕವಾಟವನ್ನು ತಿರಸ್ಕರಿಸುವುದೇ ಇಲ್ಲವೆಂದು ಹಲವರು ನಂಬಿರುತ್ತಾರೆ. ಆದರೆ ಅದರಲ್ಲಿ ಉಳಿದಿರುವ ದಾನಿಯ ಜೀವಕೋಶಗಳ ಎಚ್‌ಎಲ್‌ಎ ಗುರುತುಗಳ (ಜೀವಕೋಶ ತನ್ನದೋ ಪರರದೋ ಎಂದು ದೇಹಕ್ಕೆ ತಿಳಿಸುವ ಪ್ರೋಟೀನುಗಳ) ವಿರುದ್ಧ ಅನೇಕ ಮಕ್ಕಳ ರಕ್ತದಲ್ಲಿ ಪ್ರತಿಕಾಯಗಳು ಹುಟ್ಟುತ್ತವೆ. ಕವಾಟ ಸುಣ್ಣಗಟ್ಟಿ ಬಿರುಸಾಗುವುದರಲ್ಲಿ ಇವುಗಳ ಪಾಲೆಷ್ಟು ಎಂಬ ಬಗ್ಗೆ ತಜ್ಞರಲ್ಲಿ ಇನ್ನೂ ಒಮ್ಮತವಿಲ್ಲ. ಹಸುಗೂಸುಗಳಲ್ಲಿ ಕವಾಟ ಬೇಗ ಕೆಡುತ್ತದೆಂಬುದು ಮಾತ್ರ ನಿಶ್ಚಿತ.

ಈ ಪ್ರತಿರೋಧ ಸದ್ದಿಲ್ಲದೆ ನಡೆಯುತ್ತದೆ, ಕವಾಟ ಕೆಡುತ್ತಿರುವುದನ್ನು ಹಿಡಿದುಕೊಡುವುದು ಎಕೋ ಪರೀಕ್ಷೆಯ (ಶಬ್ದತರಂಗಗಳಿಂದ ಹೃದಯವನ್ನು ನೋಡುವ ಪರೀಕ್ಷೆಯ) ಅಂಕಿಗಳು. ಆದ್ದರಿಂದ ಆಸ್ಪತ್ರೆಯಿಂದ ಬಿಡುಗಡೆಯಾಗುವಾಗ ಮಾಡಿದ ಎಕೋ ವರದಿಯನ್ನು ಜೋಪಾನವಾಗಿಡಿ, ಮುಂದಿನ ಪ್ರತಿ ಭೇಟಿಗೂ ಅದನ್ನು ಒಯ್ಯಿರಿ. ಕವಾಟದ ಆಚೀಚಿನ ಒತ್ತಡದ ವ್ಯತ್ಯಾಸ ಎಷ್ಟು ಮಿಲಿಮೀಟರ್ ಪಾದರಸ, ಸೋರಿಕೆ ಯಾವ ಮಟ್ಟದ್ದು, ಹೃತ್ಕುಕ್ಷಿ (ಹೃದಯದ ಕೆಳಗಿನ ಕೋಣೆ) ಹಿಗ್ಗಿದೆಯೇ ಎಂಬ ಮೂರನ್ನು ಕೇಳಿ ಒಂದು ಪುಸ್ತಕದಲ್ಲಿ ದಿನಾಂಕದೊಂದಿಗೆ ಬರೆದಿಡಿ. "ನಾರ್ಮಲ್ ಇದೆ" ಎಂಬ ಒಂದೇ ಮಾತಿಗೆ ತೃಪ್ತರಾಗಬೇಡಿ. ಒಂದು ಅಂಕಿಗಿಂತ ಅದು ಏರುತ್ತಿರುವ ವೇಗವೇ ಹೆಚ್ಚು ಹೇಳುತ್ತದೆ. ಮಗು ಬೆಳೆದಂತೆ ಕವಾಟ ಬೆಳೆಯುವುದಿಲ್ಲ, ಹೀಗಾಗಿ ಒತ್ತಡ ಏರಿದ ಮಾತ್ರಕ್ಕೆ ಅದನ್ನು ತಿರಸ್ಕಾರವೆನ್ನಲೂ ಬಾರದು.

ಜ್ವರವನ್ನಂತೂ ತಿರಸ್ಕಾರದ ಲಕ್ಷಣವೆಂದು ನೀವೇ ತೀರ್ಮಾನಿಸಬೇಡಿ. ಅದು ಕವಾಟಕ್ಕೆ ತಗುಲಿದ ಸೋಂಕಾಗಿರಬಹುದು. ಆ್ಯಂಟಿಬಯಾಟಿಕ್ ಆರಂಭಿಸುವ ಮೊದಲೇ ರಕ್ತದ ಕಲ್ಚರ್ (ರಕ್ತದಲ್ಲಿ ರೋಗಾಣು ಇದೆಯೇ ಎಂದು ಬೆಳೆಸಿ ನೋಡುವ ಪರೀಕ್ಷೆ) ಮಾಡಿಸಬೇಕಾಗಬಹುದೆಂದು ಸ್ಥಳೀಯ ವೈದ್ಯರಿಗೂ ತಿಳಿಸಿ. ಇದೇ ಸೋಂಕಿನ ಭಯವಿರುವುದರಿಂದ, ಹಲ್ಲು ಕೀಳಿಸುವ ಮುನ್ನ ಹೃದ್ರೋಗ ತಜ್ಞರನ್ನು ಕೇಳಿರಿ.

ಮಗುವಿಗೆ ರಕ್ತ ಕೊಡಬೇಕಾಗಿ ಬಂದರೆ, ಬಿಳಿ ರಕ್ತಕಣಗಳನ್ನು ಸೋಸಿ ತೆಗೆದ ರಕ್ತ ದೊರೆಯುವುದೇ ಎಂದು ವಿಚಾರಿಸಿ, ಏಕೆಂದರೆ ಆ ಕಣಗಳೂ ಎಚ್‌ಎಲ್‌ಎ ಪ್ರತಿಕಾಯಗಳನ್ನು ಹುಟ್ಟಿಸಬಲ್ಲವು. ಮುಂದೆಂದಾದರೂ ಇಡೀ ಹೃದಯದ ಕಸಿ ಬೇಕಾದರೆ, ಅಂಥ ಪ್ರತಿಕಾಯಗಳಿರುವ ಮಗುವಿಗೆ ಹೊಂದುವ ದಾನಿ ಸಿಗುವುದು ಕಷ್ಟವಾಗುತ್ತದೆ. ಕವಾಟ ಬದಲಿಸುವ ದಿನ ಬಂದಾಗ, ಜೀವಕೋಶಗಳನ್ನು ತೊಳೆದು ತೆಗೆದ ಕವಾಟದ ಸಾಧ್ಯತೆಯನ್ನು ಶಸ್ತ್ರವೈದ್ಯರೊಂದಿಗೆ ಮುಂಚಿತವಾಗಿಯೇ ಚರ್ಚಿಸಿ.