ಮೇಣದ ಬತ್ತಿಯ ಜಾತ್ರೆಗೆ ವೆನಿಸ್‌ಗೆ ಹೋಗಿದ್ದೆವು

ಮದುವೆಯಾಗಿ ಹತ್ತು ವರ್ಷ ತುಂಬಿದ್ದು ನವೆಂಬರ್‌ನಲ್ಲಿ. ನಾವಿರುವುದು ಮ್ಯೂನಿಕ್‌ನಲ್ಲಿ, ಅಲ್ಲಿಂದ ವೆನಿಸ್‌ಗೆ ನೇರ ರೈಲಿದೆ. ಬ್ರೆನರ್ ಕಣಿವೆ ಹತ್ತಿ, ವೆರೋನಾ ಮೇಲೆ ಹಾಯ್ದು ಆರೂವರೆ-ಏಳು ತಾಸಿನ ದಾರಿ. ಸಿಕ್ಕ ರಜೆ ಎರಡೂವರೆ ದಿನ. “ನವೆಂಬರ್‌ನಲ್ಲಿ ಯಾಕೆ? ಚಳಿ, ಮಂಜು, ಸಾಲದ್ದಕ್ಕೆ ಊರೊಳಗೆ ನೀರು ಬೇರೆ ನುಗ್ಗುತ್ತೆ” ಎಂದು ಆಫೀಸಿನವರೆಲ್ಲ ಹೇಳಿದರು. ನಾನು ಮಾತ್ರ 21ನೇ ತಾರೀಕು ಅಲ್ಲಿರಲೇಬೇಕು ಎಂದು ಹಟ ಹಿಡಿದಿದ್ದೆ. ಏಕೆಂದು ಮುಂದೆ ಹೇಳುತ್ತೇನೆ.

ಸಾಂತಾ ಲೂಚಿಯಾ ನಿಲ್ದಾಣದ ಬಾಗಿಲು ದಾಟಿದರೆ ನಾಲ್ಕು ಮೆಟ್ಟಿಲು, ಎದುರಿಗೇ ನೀರು. ಆಟೊ ಇಲ್ಲ, ಬಸ್ಸಿಲ್ಲ, ಹಾರ್ನ್ ಇಲ್ಲ. ಇಲ್ಲಿನ ಬಸ್ಸೆಂದರೆ ವಪೊರೆತ್ತೊ ಎಂಬ ದೋಣಿ. ಒಂದು ಸಲದ ಟಿಕೆಟ್‌ಗೆ 9.50 ಯೂರೊ, ಅದು 75 ನಿಮಿಷಕ್ಕೆ ಮಾತ್ರ. 48 ಗಂಟೆಯ ಪಾಸ್‌ಗೆ ನಾವು ಕೊಟ್ಟಿದ್ದು ತಲಾ 35. ನಾಲ್ಕು ಸಲ ಹತ್ತಿದರೆ ದುಡ್ಡು ಹುಟ್ಟಿತು. ಪ್ರತಿ ಸಲ ಹತ್ತುವ ಮೊದಲು ಅದನ್ನು ಯಂತ್ರಕ್ಕೆ ತೋರಿಸುವುದು ಮರೆಯಬಾರದು. ಮೊದಲ ಪ್ರಯಾಣಕ್ಕೆ ವೇಗದ 2ನೇ ನಂಬರ್ ದೋಣಿ ಬಿಟ್ಟು, ಎಲ್ಲ ಕಡೆ ನಿಲ್ಲುವ 1ನೇ ನಂಬರ್ ಹತ್ತಿ. ಗ್ರ್ಯಾಂಡ್ ಕೆನಾಲ್ ಪೂರ್ತಿ, ಹತ್ತಿರ ಹತ್ತಿರ ನಾಲ್ಕು ಕಿಲೋಮೀಟರ್, ನಿಧಾನವಾಗಿ ಎರಡೂ ಕಡೆಯ ಅರಮನೆಗಳ ಸಮೇತ ಸಿಗುತ್ತದೆ. ನಾವು ಹತ್ತಿದಾಗ ಸಂಜೆ ಐದು. ಕತ್ತಲಾಗಿತ್ತು. ಮಹಡಿಗಳ ಕಿಟಕಿಯಲ್ಲಿ ದೀಪ, ಅದರ ಹಿಂದೆ ಚಿತ್ರ ಬಿಡಿಸಿದ ಮರದ ಚಾವಣಿ. ಇವರು ನನ್ನ ಕೈ ಹಿಡಿದವರು ಇಳಿಯುವವರೆಗೂ ಮಾತಾಡಲಿಲ್ಲ.

ವಸತಿಯ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ಆಚೆ ದಡದ ಮೆಸ್ತ್ರೆಯಲ್ಲಿ ಬಾಡಿಗೆ ಕಡಿಮೆ ಎಂದು ತುಂಬ ಜನ ಅಲ್ಲೇ ಉಳಿಯುತ್ತಾರೆ. ನಾವು ಉಳಿದದ್ದು ದ್ವೀಪದೊಳಗೆ, ಕಾಸ್ತೆಲ್ಲೊ ಭಾಗದಲ್ಲಿ. ಅಲ್ಲಿ ಮನೆ ನಂಬರ್ ಓಣಿಗೊಂದರಂತೆ ಶುರುವಾಗುವುದಿಲ್ಲ. ಊರನ್ನು ಆರು ಭಾಗ ಮಾಡಿ, ಒಂದೊಂದು ಭಾಗಕ್ಕೂ ಒಂದರಿಂದ ಸಾವಿರಗಟ್ಟಲೆ ಸಂಖ್ಯೆ ಕೊಡುತ್ತಾ ಹೋಗಿದ್ದಾರೆ. ನಮ್ಮದು ಐದು ಸಾವಿರ ಚಿಲ್ಲರೆ. ಫೋನಿನ ನಕ್ಷೆ ಒಂದು ಗೋಡೆಯ ಮುಂದೆ ನಿಲ್ಲಿಸಿತು. ಅರ್ಧ ಗಂಟೆ ಸುತ್ತಿದ ಮೇಲೆ ತರಕಾರಿ ಗಾಡಿ ಎಳೆದುಕೊಂಡು ಹೊರಟಿದ್ದ ಅಜ್ಜಿಯೊಬ್ಬರು ನಮ್ಮ ಚೀಟಿ ನೋಡಿ, ಮಾತಿಲ್ಲದೆ ತೋಳು ಹಿಡಿದು ಬಾಗಿಲವರೆಗೆ ಬಿಟ್ಟು ಹೋದರು. ಹೋಗುವವರು ಹತ್ತಿರದ ಸೇತುವೆ ಅಥವಾ ಚರ್ಚಿನ ಹೆಸರು ಕೇಳಿ ಬರೆದಿಟ್ಟುಕೊಳ್ಳಿ. ಊರಿನಲ್ಲಿ 400ಕ್ಕೂ ಹೆಚ್ಚು ಸೇತುವೆಗಳಿವೆ, ಬಹುತೇಕ ಎಲ್ಲಕ್ಕೂ ಮೆಟ್ಟಿಲು. ಆದ್ದರಿಂದ ಬೆನ್ನಿಗೆ ಹಾಕುವ ಚೀಲ ಸಾಕು, ಚಕ್ರದ ಸೂಟ್‌ಕೇಸ್ ಬೇಡ.

ದ್ವೀಪದೊಳಗೆ ಉಳಿಯಬೇಕು ಎಂದಿದ್ದು ಬೆಳಗು ಮತ್ತು ರಾತ್ರಿಗಾಗಿ. ಹಗಲು ಬಂದು ಸಂಜೆ ಹೋಗುವ ಜನವೇ ಹೆಚ್ಚು. ಅವರ ದಟ್ಟಣೆ ಎಷ್ಟೆಂದರೆ, ವಸಂತ-ಬೇಸಿಗೆಯ ಕೆಲವು ದಿನ ಹಗಲು ಮಾತ್ರ ಬಂದು ಹೋಗುವವರಿಗೆ ಪ್ರವೇಶ ಶುಲ್ಕವನ್ನೇ 2024ರಲ್ಲಿ ಶುರು ಮಾಡಿದರು. ಅವರು ಹೋದ ಮೇಲೆ ಊರು ಊರಾಗುತ್ತದೆ. ರಿಯಾಲ್ತೊ ಸೇತುವೆ ಹತ್ತಿರದ ಔಷಧಿ ಅಂಗಡಿಯೊಂದರ ಕಿಟಕಿಯಲ್ಲಿ ಊರಿನ ಜನಸಂಖ್ಯೆಯನ್ನು ದೀಪದ ಅಂಕಿಗಳಲ್ಲಿ ತೋರಿಸುತ್ತಾರೆ. ಹಳೆಯ ನಗರದಲ್ಲಿ ಅದು 2022ರಲ್ಲೇ 50,000ಕ್ಕಿಂತ ಕೆಳಗಿಳಿಯಿತು. ರಾತ್ರಿ ಹತ್ತಕ್ಕೆ ಸಾನ್ ಮಾರ್ಕೊ ಚೌಕದಲ್ಲಿ ನಮ್ಮ ಹೆಜ್ಜೆಯ ಸದ್ದು ನಮಗೇ ಕೇಳಿಸುತ್ತಿತ್ತು.

ಮರುದಿನ ಬೆಳಿಗ್ಗೆ ಏಳಕ್ಕೆ ಅದೇ ಚೌಕಕ್ಕೆ ಹೋದರೆ ಅರ್ಧ ಚೌಕ ನೀರು. ಇಲ್ಲಿ ನೀರು ಬೀದಿಯಿಂದ ಹರಿದು ಬರುವುದಿಲ್ಲ, ಕಲ್ಲಿನ ಸಂದಿಗಳಿಂದ, ಚರಂಡಿಯ ತೂತುಗಳಿಂದ ಬುಗ್ಗೆಯಂತೆ ಮೇಲೇಳುತ್ತದೆ. ನಾನು ಬಗ್ಗಿ ನೋಡಿದೆ. ಒಂದೊಂದು ತೂತಿನ ಸುತ್ತಲೂ ಸಣ್ಣ ಗುಳ್ಳೆಗಳು, ಆಮೇಲೆ ಬಟ್ಟಲಿನಗಲದ ತೇವ, ಸ್ವಲ್ಪ ಹೊತ್ತಿಗೆ ಎರಡು ತೇವಗಳು ಕೂಡಿಕೊಂಡು ಕನ್ನಡಿಯಾದವು. ಅದರಲ್ಲಿ ಚೌಕದ ದೊಡ್ಡ ಚರ್ಚು ಸಾನ್ ಮಾರ್ಕೊ ಬಸಿಲಿಕಾದ ಗುಮ್ಮಟ ತಲೆಕೆಳಗಾಗಿ ನಿಂತಿತ್ತು. ಸಮುದ್ರದ ಬಾಯಿಗೆ ಹಾಕಿದ ಮೋಸೆ ಎಂಬ ಗೇಟುಗಳು 2020ರ ಅಕ್ಟೋಬರ್‌ನಿಂದ ದೊಡ್ಡ ಉಬ್ಬರವನ್ನು ತಡೆಯುತ್ತಿವೆ. ಚೌಕ ಊರಿನಲ್ಲೇ ತಗ್ಗಿನ ಜಾಗ, ಸಣ್ಣ ಉಬ್ಬರ ಇಲ್ಲಿಗೆ ಬಂದೇ ಬರುತ್ತದೆ. 2019ರ ನವೆಂಬರ್ 12ರಂದು ನೀರು ಸಮುದ್ರಮಟ್ಟದ ಅಳತೆಯಿಂದ 187 ಸೆಂಟಿಮೀಟರ್ ಏರಿತ್ತು ಎಂದು ನೆನೆದರೆ, ಪಾದ ಮುಳುಗುವ ಈ ನೀರಿಗೆ ಹೆದರಬೇಕಿಲ್ಲ. ಓಡಾಡಲು ಎತ್ತರದ ಹಲಗೆ ಹಾಕಿರುತ್ತಾರೆ.

ಬಸಿಲಿಕಾಗೆ ಮೊದಲೇ ಆನ್‌ಲೈನ್‌ನಲ್ಲಿ ಟಿಕೆಟ್ ಮಾಡಿಸಿ, ಬೆಳಗಿನ ಮೊದಲ ಹೊತ್ತಿಗೇ ಹೋಗಿ. ಒಳಗೆ 8,000 ಚದರ ಮೀಟರ್‌ನಷ್ಟು ಮೊಸಾಯಿಕ್, ಅಂದರೆ ಸಣ್ಣ ತುಣುಕು ಜೋಡಿಸಿ ಮಾಡಿದ ಚಿತ್ರ, ಹೆಚ್ಚಿನದೆಲ್ಲ ಬಂಗಾರದ ಬಣ್ಣ. ಮಾಳಿಗೆಗೆ ಹತ್ತುವ ಟಿಕೆಟ್ ಬೇರೆ, ತಪ್ಪಿಸಬೇಡಿ. 1204ರಲ್ಲಿ ಕಾನ್‌ಸ್ಟಾಂಟಿನೋಪಲ್ ಸೂರೆ ಮಾಡಿ ತಂದ ನಾಲ್ಕು ಲೋಹದ ಕುದುರೆಗಳು ಅಲ್ಲಿವೆ. ನೆಪೋಲಿಯನ್ ಪ್ಯಾರಿಸ್‌ಗೆ ಒಯ್ದಿದ್ದ, 1815ರಲ್ಲಿ ಮರಳಿದವು. ಹೊರಗೆ ನಿಂತಿರುವುದು ಪ್ರತಿಗಳು, ಮೂಲ ಕುದುರೆಗಳು ಒಳಗಿವೆ. ಕೊರಳ ಹತ್ತಿರ ನಿಂತು ನೋಡಿದರೆ ಬಂಗಾರದ ಲೇಪದ ಮೇಲೆ ಗೀರುಗಳು ಕಾಣುತ್ತವೆ. ಗಂಟೆಗೋಪುರದ ಸಾಲಿನಲ್ಲಿ ನಾವು ನಿಲ್ಲಲಿಲ್ಲ. ಎದುರಿನ ಸಾನ್ ಜಾರ್ಜೊ ದ್ವೀಪದ ಗೋಪುರಕ್ಕೆ ಹೋದೆವು. ಲಿಫ್ಟ್ ಇದೆ, ಜನ ಕಡಿಮೆ, ಅಲ್ಲಿಂದ ಇಡೀ ವೆನಿಸ್ ಎದುರಿಗೆ.

ಇನ್ನು ನನ್ನ 21ನೇ ತಾರೀಕು. 1630ರ ಪ್ಲೇಗ್‌ನಲ್ಲಿ ಊರಿನ ಸುಮಾರು ಮೂರನೇ ಒಂದು ಭಾಗ ಜನ ಸತ್ತರು. ಬೇನೆ ಹೋದರೆ ದೊಡ್ಡ ಗುಡಿ ಕಟ್ಟುತ್ತೇವೆ ಎಂದು ಆಡಳಿತವೇ ಮೇರಿಮಾತೆಗೆ ಹರಕೆ ಹೊತ್ತಿತು. ಹಾಗೆ ಎದ್ದದ್ದು ಬಾಲ್ದಸಾರೆ ಲೊಂಗೆನಾ ಕಟ್ಟಿದ ಸಾಲೂತೆ ಚರ್ಚ್. ಸಾಲೂತೆ ಎಂದರೆ ಆರೋಗ್ಯ. ಪ್ರತಿ ನವೆಂಬರ್ 21ಕ್ಕೆ ಊರವರು ಆ ಹರಕೆ ಒಪ್ಪಿಸಲು ಬರುತ್ತಾರೆ. ಆ ಕೆಲವು ದಿನಗಳಿಗೆಂದೇ ಗ್ರ್ಯಾಂಡ್ ಕೆನಾಲ್ ಮೇಲೆ ತೇಲುವ ಸೇತುವೆ ಹಾಕುತ್ತಾರೆ.

ನಾನು ಸಿರ್ಸಿಯವಳು. ಸಿಡುಬು ಬಂದರೆ ‘ಅಮ್ಮ’ ಎಂದೇ ಕರೆಯುತ್ತಿದ್ದ, ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಊರಿಗೆ ಊರೇ ಸೇರುವ ಸೀಮೆಯವಳು. ಹಾಗಾಗಿ ಆ ಸೇತುವೆ ದಾಟುವಾಗ ನನಗೆ ಯಾವುದೂ ಹೊಸದೆನಿಸಲಿಲ್ಲ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡ ಅಪ್ಪ, ಗಾಲಿಕುರ್ಚಿಯಲ್ಲಿ ಅಜ್ಜ, ಬಲೂನು, ಸಕ್ಕರೆ ಮಿಠಾಯಿಯ ಅಂಗಡಿ, ಸಾಲಾಗಿ ಮೇಣದ ಬತ್ತಿ ಮಾರುವವರು. ನಾವೂ ಎರಡು ಬತ್ತಿ ಕೊಂಡೆವು. ಒಳಗೆ ಮೇಣದ ಬಿಸಿಗೆ ಕನ್ನಡಕ ಮಂಜಾಯಿತು. 1670ರಲ್ಲಿ ಕ್ರೀಟ್‌ನಿಂದ ತಂದ ಕಪ್ಪು ಮುಖದ ತಾಯಿಯ ಚಿತ್ರ ಪೀಠದಲ್ಲಿದೆ. ಅಲ್ಲಿದ್ದವರು ನಮ್ಮ ಕೈಯಿಂದ ಬತ್ತಿ ತೆಗೆದುಕೊಂಡು ಹೊತ್ತಿಸಿ ನೂರಾರು ಬತ್ತಿಗಳ ನಡುವೆ ನಿಲ್ಲಿಸಿದರು. ಕಳೆದ ವರ್ಷ ಇವರಿಗೆ ಆಪರೇಷನ್ ಆಗಿತ್ತು. ನಾನು ಕಣ್ಣು ಮುಚ್ಚಿ ನಿಂತೆ. ಕಣ್ಣು ತೆರೆದಾಗ ಇವರೂ ಕೈ ಮುಗಿದಿದ್ದರು.

ಊಟಕ್ಕೆ ಕಷ್ಟವಾಗಲಿಲ್ಲ. ಬಾಕಾರೊ ಎಂಬ ಸಣ್ಣ ಅಂಗಡಿಗಳಲ್ಲಿ ಬ್ರೆಡ್ಡಿನ ತುಂಡಿನ ಮೇಲೆ ಏನಾದರೂ ಇಟ್ಟು ಕೊಡುವ ಚಿಕೆತ್ತಿ ಸಿಗುತ್ತದೆ. ಚೀಸ್-ಅಕ್ರೋಟು, ಪಲ್ಲೆಹೂವು ಇರುವುದನ್ನು ಕೇಳಿ ತಗೊಂಡೆವು. ಕಾಫಿಯನ್ನು ಕೌಂಟರ್ ಹತ್ತಿರ ನಿಂತೇ ಕುಡಿಯಿರಿ, ಕೂತರೆ ದರ ಏರುತ್ತದೆ. ಗೊಂಡೊಲಾಕ್ಕೆ ಹಗಲು ಅರ್ಧ ಗಂಟೆಗೆ ದೋಣಿಗೆ 90 ಯೂರೊ ಎಂದು ನಗರವೇ ಗೊತ್ತುಮಾಡಿದೆ. ನಾವು ಸಾಂತಾ ಸೋಫಿಯಾ ಕಟ್ಟೆಯಿಂದ ತಲಾ 2 ಯೂರೊ ಕೊಟ್ಟು, ಜನರನ್ನು ಆಚೆ ದಡಕ್ಕೆ ದಾಟಿಸುವ ದೋಣಿ ಹತ್ತಿದೆವು. ಅದೂ ಗೊಂಡೊಲಾದ ಜಾತಿಯದೇ, ಇಬ್ಬರು ಹುಟ್ಟು ಹಾಕುತ್ತಾರೆ. ಬುರಾನೊ ದ್ವೀಪಕ್ಕೆ ಹೋಗಲಿಲ್ಲ. ಅದಕ್ಕೆ ಅರ್ಧ ದಿನ ಬೇಕು, ಆ ಅರ್ಧ ದಿನ ನಮಗೆ ಓಣಿಗಳಲ್ಲಿ ದಾರಿ ತಪ್ಪಲು ಬೇಕಿತ್ತು.

ಆ ದೋಣಿ ಇಳಿದರೆ ರಿಯಾಲ್ತೊ ಸಂತೆ. ಅಲ್ಲಿ ರೂಗಾ ದೆಯಿ ಸ್ಪೆಝಿಯೆರಿ ಎಂಬ ಬೀದಿ, ಅಂದರೆ ಸಾಂಬಾರ ವ್ಯಾಪಾರಿಗಳ ಬೀದಿ. ನಮ್ಮ ಪಶ್ಚಿಮ ಕರಾವಳಿಯ ಕಾಳುಮೆಣಸು ಅರಬರ ಹಡಗಿನಲ್ಲಿ ಹೊರಟು ಅಲೆಕ್ಸಾಂಡ್ರಿಯಾ ಮೂಲಕ ಇಲ್ಲಿಗೆ ಬಂದು ಯುರೋಪಿಗೆಲ್ಲ ಹಂಚಿಕೆಯಾಗುತ್ತಿತ್ತು. ಸುಮಾರು 1420ರಲ್ಲಿ ವಿಜಯನಗರ ನೋಡಿ ಬರೆಸಿದ ನಿಕೊಲೊ ಕಾಂಟಿ ಇದೇ ಹಿನ್ನೀರಿನ ಕಿಯೊಜ್ಜಾದವನು. ಅಂಗಡಿಯೊಂದರ ಗಾಜಿನ ಭರಣಿಯಲ್ಲಿ ಕಾಳುಮೆಣಸು ಕಂಡು ಒಂದು ಸಣ್ಣ ಪೊಟ್ಟಣ ಕೊಂಡೆ, ಅಲ್ಲೇ ಅಮ್ಮನಿಗೆ ವಿಡಿಯೊ ಕಾಲ್ ಮಾಡಿ ತೋರಿಸಿದೆ. ತೋಟದಲ್ಲಿ ಅಡಿಕೆ ಮರಕ್ಕೆ ಬಳ್ಳಿ ಹಬ್ಬಿಸಿದ ಕೈ ಅವಳದು.

“ಸ್ವಲ್ಪ ಹತ್ತಿರ ಹಿಡಿ” ಎಂದಳು. ಹಿಡಿದೆ. “ಕಾಳು ಚೆನ್ನಾಗಿ ಬಲಿತಿದೆ. ಒಂದು ಕಚ್ಚಿ ನೋಡು.”

ಕಚ್ಚಿದೆ. ಖಾರ ಮೂಗಿಗೇರಿ ಕಣ್ಣಲ್ಲಿ ನೀರು ಬಂತು. ಇವರು ಗಡಿಯಾರ ನೋಡಿದರು. ರೈಲಿಗೆ ಇನ್ನೂ ಒಂದು ಗಂಟೆ ಇತ್ತು, 1ನೇ ನಂಬರ್ ದೋಣಿಗೆ ಅಷ್ಟು ಹೊತ್ತು ಧಾರಾಳ.