ಚಳಿಗಾಲಕ್ಕೆ ಸ್ಪೋರ್ಟ್ಸ್ ಕಾರಿನ ಟೈರು: ಅಗಲ ಬೇಡ, ಮೆದು ಇರಲಿ

ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ನವೆಂಬರಿನ ಒಂದು ಬೆಳಗ್ಗೆ. ಹಿಮ ಬಿದ್ದಿರಲಿಲ್ಲ, ರಸ್ತೆ ಒಣಗಿಯೇ ಇತ್ತು, ಹೊರಗೆ 2 ಡಿಗ್ರಿ. ನನ್ನ ಪೋರ್ಷೆ ಕೇಮನ್‌ಗೆ ಇನ್ನೂ ಬೇಸಿಗೆ ಟೈರೇ ಇತ್ತು. ಮನೆ ಹತ್ತಿರದ ಇಳಿಜಾರಿನ ತಿರುವಿನಲ್ಲಿ, ದಿನಾ ಹೋಗುವ ವೇಗದಲ್ಲೇ ಸ್ಟೀರಿಂಗ್ ತಿರುಗಿಸಿದೆ. ಕಾರಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರಿತು. ಎದುರಿಗೆ ಯಾರೂ ಇರಲಿಲ್ಲ, ಬದುಕಿಕೊಂಡೆ. ಇಳಿದು ಹಿಂದಿನ ಟೈರಿಗೆ ಉಗುರು ಒತ್ತಿ ನೋಡಿದರೆ, ಆಗಸ್ಟಿನಲ್ಲಿ ಉಗುರಿಗೆ ಒಗ್ಗಿ ತಗ್ಗುತ್ತಿದ್ದ ರಬ್ಬರು ಪ್ಲಾಸ್ಟಿಕ್ ಬಕೆಟ್ಟಿನ ಅಂಚಿನಷ್ಟು ಗಟ್ಟಿಯಾಗಿತ್ತು.

ಬೆಂಗಳೂರಿನಲ್ಲಿ ವರ್ಷವಿಡೀ ಒಂದೇ ಟೈರಿನಲ್ಲಿ ಓಡಿಸಿ ಬಂದ ನಮಗೆ ಇದು ತಕ್ಷಣ ಹೊಳೆಯುವುದಿಲ್ಲ. ಅಪಾಯ ಹಿಮದಿಂದಲ್ಲ, ಚಳಿಯಿಂದಲೇ ಶುರುವಾಗುತ್ತದೆ. ಸ್ಪೋರ್ಟ್ಸ್ ಕಾರಿನ ಬೇಸಿಗೆ ಟೈರಿನ ರಬ್ಬರು ಬಿಸಿಯಾದಾಗ ರಸ್ತೆಗೆ ಅಂಟುವಂತೆ ಮಾಡಿದ್ದು. ಉಷ್ಣಾಂಶ ಸುಮಾರು 7 ಡಿಗ್ರಿಗಿಂತ ಇಳಿದರೆ ಅದರ ಹಿಡಿತ ಸಡಿಲವಾಗುತ್ತದೆ. ಕಡುಚಳಿಯಲ್ಲಿ ಓಡಿಸಿದರೆ ಬಿರುಕು ಬಿಡಬಹುದೆಂದು ತಯಾರಕರೇ ಎಚ್ಚರಿಸುತ್ತಾರೆ. ಅದಕ್ಕೇ ಜರ್ಮನರು ‘ಓ ಇಂದ ಓ ವರೆಗೆ’ ಎನ್ನುತ್ತಾರೆ: ಒಕ್ಟೋಬರ್‌ನಿಂದ ಓಸ್ಟರ್ನ್, ಅಂದರೆ ಈಸ್ಟರ್‌ವರೆಗೆ ಚಳಿಯಲ್ಲೂ ಮೆದುವಾಗಿರುವ ಚಳಿಗಾಲದ ಟೈರು.

ಟೈರು ಕೊಳ್ಳುವಾಗ ಮೊದಲು ಅದರ ಪಕ್ಕೆಯಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಹಿಮದ ಹರಳು ಇರುವ ಗುರುತನ್ನು ಹುಡುಕಿ. ಬರೀ ‘ಎಂ+ಎಸ್’ (ಮಡ್ ಅಂಡ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಎಂದಿದ್ದರೆ ಬಿಟ್ಟುಬಿಡಿ. 2024ರ ಅಕ್ಟೋಬರ್‌ನಿಂದ ಜರ್ಮನಿಯ ಕಾನೂನು ಅದನ್ನು ಚಳಿಗಾಲದ ಟೈರೆಂದು ಒಪ್ಪುವುದಿಲ್ಲ. ಮಂಜುಗಟ್ಟಿದ ರಸ್ತೆಯಲ್ಲಿ ಸರಿಯಾದ ಟೈರಿಲ್ಲದೆ ಸಿಕ್ಕಿಬಿದ್ದರೆ ಕನಿಷ್ಠ 60 ಯೂರೋ ದಂಡ, ಲೈಸೆನ್ಸ್ ದಾಖಲೆಯಲ್ಲಿ ತಪ್ಪಿಗೆ ಒಂದು ಪಾಯಿಂಟ್.

ಆಮೇಲೆ ಅಳತೆ. ಹೆಚ್ಚಿನವರು ಎಡವುವುದು ಇಲ್ಲೇ. ಬೇಸಿಗೆಯಲ್ಲಿ 20 ಇಂಚಿನ ರಿಮ್ಮು ನೋಡಲು ಚೆಂದ, ನಿಜ. ಆದರೆ ಟೈರು ಅಗಲವಾದಷ್ಟೂ ಕರಗಿದ ಹಿಮದ ರಾಡಿಯ ಮೇಲೆ ತೇಲುತ್ತದೆ. ಕಿರಿದಾದದ್ದು ಅದನ್ನು ಸೀಳಿಕೊಂಡು ನೆಲ ಮುಟ್ಟುತ್ತದೆ. ಪಕ್ಕೆ ಎತ್ತರವಿದ್ದರೆ ಹಿಮದಡಿ ಅಡಗಿದ ಗುಂಡಿಗೆ ಬಿದ್ದಾಗ ರಿಮ್ಮೂ ಉಳಿಯುತ್ತದೆ. ಹಾಗಾಗಿ ನಿಮ್ಮ ಕಾರಿಗೆ ತಯಾರಕರು ಒಪ್ಪಿರುವ ಅತಿ ಚಿಕ್ಕ ರಿಮ್ಮನ್ನೇ ಆರಿಸಿ ಎಂಬುದು ನನ್ನ ಖಚಿತ ಅಭಿಪ್ರಾಯ. ಸಾದಾ 718 ಕೇಮನ್‌ಗಾದರೆ 18 ಇಂಚು: ಮುಂದೆ 235/45, ಹಿಂದೆ 265/45 (ಮೊದಲ ಅಂಕಿ ಮಿ.ಮೀ.ನಲ್ಲಿ ಟೈರಿನ ಅಗಲ, ಎರಡನೆಯದು ಆ ಅಗಲದ ಶೇಕಡಾ ಎಷ್ಟು ಪಕ್ಕೆಯ ಎತ್ತರ ಎಂಬುದು). ದೊಡ್ಡ ಬ್ರೇಕಿರುವ ಮಾದರಿಗಳಿಗೆ ಚಿಕ್ಕ ರಿಮ್ಮು ಬ್ರೇಕಿನ ಡಿಸ್ಕನ್ನು ಅಮುಕುವ ಕ್ಯಾಲಿಪರ್‌ಗೆ ತಾಗುತ್ತದೆ, ಕಾರಿನ ಕಾಗದಪತ್ರ ನೋಡದೆ ಆರ್ಡರ್ ಮಾಡಬೇಡಿ. ಚಕ್ರಕ್ಕೆ ಸುತ್ತುವ ಹಿಮದ ಸರಪಳಿ ಕೂಡ ಕೆಲವೇ ಅಳತೆಗಳಿಗೆ ಕೂರುತ್ತದೆ. ಆಲ್ಪ್ಸ್ ಕಡೆ ಹೋಗುವ ಆಸೆಯಿದ್ದರೆ ಅದನ್ನೂ ಈಗಲೇ ವಿಚಾರಿಸಿ.

ಹಿಂದಿನ ಚಕ್ರ ಎಳೆಯುವ ಕಾರು ತಾನೇ, ಹಿಂದಕ್ಕೆ ಎರಡು ಹಾಕಿದರೆ ಸಾಕಲ್ಲ ಎನ್ನುವವರಿದ್ದಾರೆ. ಸಾಲದು! ಬ್ರೇಕಿನ ಹೆಚ್ಚಿನ ಭಾರ ಹೊರುವುದೂ ತಿರುಗಿಸುವುದೂ ಮುಂದಿನ ಟೈರುಗಳೇ. ನಾಲ್ಕೂ ಬದಲಾಗಲೇಬೇಕು.

ಪಕ್ಕೆಯ ಮೇಲಿನ ಅಕ್ಷರಗಳನ್ನೂ ಓದಿ. ಪೋರ್ಷೆಗೆ ಹೊಂದಿಸಿದ ಟೈರಿನಲ್ಲಿ ‘ಎನ್’ ಮತ್ತು ಒಂದು ಅಂಕಿ, ಬಿಎಂಡಬ್ಲ್ಯುವಿನದರಲ್ಲಿ ನಕ್ಷತ್ರ, ಮರ್ಸಿಡಿಸ್‌ನದರಲ್ಲಿ ‘ಎಂಒ’ ಇರುತ್ತದೆ. ಟೈರು ತಡೆಯುವ ಗರಿಷ್ಠ ವೇಗ ಹೇಳುವ ಅಕ್ಷರದಲ್ಲಿ ‘ಎಚ್’ ಅಂದರೆ ಗಂಟೆಗೆ 210 ಕಿ.ಮೀ., ‘ವಿ’ 240, ‘ಡಬ್ಲ್ಯು’ 270. ಸಾದಾ 718 ಕೇಮನ್ 275ರವರೆಗೆ ಓಡುತ್ತದೆ, ಆದರೂ ಚಳಿಗಾಲಕ್ಕೆ ‘ವಿ’ ಧಾರಾಳ. ಟೈರಿನ ಮಿತಿ ಬರೆದ ಸ್ಟಿಕ್ಕರನ್ನು ಡ್ರೈವರ್ ಕಣ್ಣಿಗೆ ಬೀಳುವಂತೆ ಅಂಟಿಸಿದರೆ ಕಾನೂನಿನ ಅಡ್ಡಿಯೂ ಇಲ್ಲ. ‘ಡಾಟ್’ (DOT) ಎಂದು ಬರೆದ ಸಾಲಿನ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ: 3224 ಅಂದರೆ 2024ರ 32ನೇ ವಾರ.

ಸೆಕೆಂಡ್ ಹ್ಯಾಂಡ್ ಕೊಳ್ಳುವಿರಾದರೆ ಜೇಬಿನಲ್ಲಿ 2 ಯೂರೋ ನಾಣ್ಯ ಇಟ್ಟುಕೊಳ್ಳಿ. ಟೈರಿನ ಮುಖ್ಯ ಗೀರಿನೊಳಗೆ ಅದನ್ನು ನೆಟ್ಟಗೆ ಇಳಿಸಿ. ಸುತ್ತಲಿನ ಬೆಳ್ಳಿಬಣ್ಣದ ಅಂಚು ಸುಮಾರು 4 ಮಿ.ಮೀ. ಅದು ಪೂರ್ತಿ ಮುಳುಗದಿದ್ದರೆ ಆ ಟೈರು ಬೇಡ. ಜರ್ಮನಿಯ ಕಾನೂನಿಗೆ 1.6 ಮಿ.ಮೀ. ಸಾಕು, ಆದರೆ ಪಕ್ಕದ ಆಸ್ಟ್ರಿಯಾ 4 ಕೇಳುತ್ತದೆ, ಕೇಳುವುದೂ ಸರಿಯೇ. ಟೈರಿನ ಮೈಮೇಲೆ ಬ್ಲೇಡಿನಲ್ಲಿ ಕೊಯ್ದಂತೆ ಕಾಣುವ ಸಣ್ಣ ಕಚ್ಚುಗಳೇ ಹಿಮವನ್ನು ಕಚ್ಚಿ ಹಿಡಿಯುವುದು. ಟೈರು ಸವೆದಂತೆ ಅವೂ ಸವೆಯುತ್ತವೆ.

ಆರ್ಡರ್ ಸೆಪ್ಟೆಂಬರಿನಲ್ಲೇ ಮಾಡಿ. ಮೊದಲ ಹಿಮ ಬಿದ್ದ ದಿನ ಗ್ಯಾರೇಜುಗಳ ಮುಂದೆ ಸಾಲು ನಿಂತಿರುತ್ತದೆ, ಸ್ಪೋರ್ಟ್ಸ್ ಕಾರಿನ ಅಳತೆಗಳು ಮೊದಲೇ ಖಾಲಿಯಾಗಿರುತ್ತವೆ. ಹಾಕಿಸಿದ ಮೇಲೆ 50 ಕಿ.ಮೀ. ಓಡಿಸಿ ಬೋಲ್ಟುಗಳನ್ನು ಮತ್ತೊಮ್ಮೆ ಬಿಗಿ ನೋಡಿಸಿ. ಉಷ್ಣಾಂಶ 10 ಡಿಗ್ರಿ ಇಳಿದರೆ ಗಾಳಿಯ ಒತ್ತಡ ಹೆಚ್ಚುಕಡಿಮೆ 0.1 ಬಾರ್ ಇಳಿಯುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಟೈರು ತಣ್ಣಗಿರುವಾಗಲೇ ಗಾಳಿ ನೋಡಿ.

ಹಿಮ ಬಿದ್ದ ಮೊದಲ ಭಾನುವಾರ ಖಾಲಿ ಪಾರ್ಕಿಂಗ್ ಜಾಗಕ್ಕೆ ಹೋಗಿ, 30ರ ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ. ಬ್ರೇಕು ಒತ್ತಿದಾಗ ಚಕ್ರ ಸಿಕ್ಕಿಕೊಳ್ಳದಂತೆ ತಡೆಯುವ ಎಬಿಎಸ್ ಪಾದದಡಿ ಗಡಗಡ ನಡುಗುತ್ತದೆ. ಕಾರು ಎಷ್ಟು ದೂರ ಹೋಗಿ ನಿಂತಿತೆಂದು ಇಳಿದು ಹೆಜ್ಜೆ ಹಾಕಿ ಎಣಿಸಿ.